ಸವಕಳಿಯ ಲೆಕ್ಕ

ಸವೆಯುವುದರಲ್ಲೂ ಲಾಭವಿದೆ ಎಂದು ಕಂಡುಕೊಂಡವರು ಆದಾಯ ತೆರಿಗೆಯವರು. ವ್ಯಾಪಾರ ವಹಿವಾಟು ನಡೆಸುವವರಿಗೆ ಅವರು ಸವಕಳಿ ಎಂಬ ವರ ಕೊಟ್ಟಿದ್ದಾರೆ. ಮೇಜು ಕುರ್ಚಿಗೆ ವರ್ಷಕ್ಕೆ ಶೇ. 10, ಯಂತ್ರಗಳಿಗೆ ಸಾಮಾನ್ಯವಾಗಿ 15, ಕಂಪ್ಯೂಟರಿಗೆ 40. ಪ್ರತಿ ವರ್ಷ ಉಳಿದ ಬೆಲೆಯಲ್ಲೇ ಕಳೆಯುತ್ತ ಹೋಗುವುದರಿಂದ ಲೆಕ್ಕ ಸೊನ್ನೆಗೆ ಇಳಿಯುವುದೇ ಇಲ್ಲ. ಗೆದ್ದಲು ತಿಂದು ಮುಗಿಸಿದ ಮೇಜಿನ ಒಂದು ಕಾಲಾದರೂ ಪುಸ್ತಕದಲ್ಲಿ ನಿಂತಿರುತ್ತದೆ.

ಆ ಮೇಜಿನ ಹಿಂದೆ ಕೂತು ಸವೆದವರ ಗತಿ? ರಿಟರ್ನ್ಸ್ ತುಂಬಿಕೊಡುವ ಆಡಿಟರನ್ನು, "ನನ್ನ ಮಂಡಿಗೆ ಎಷ್ಟು ಪರ್ಸೆಂಟ್ ಹಾಕ್ತೀರಿ ಸಾರ್?" ಎಂದು ಕೇಳಿದೆ.

"ದುಡ್ಡು ಕೊಟ್ಟು ಕೊಂಡ ಸಾಮಾನಿಗೆ ಮಾತ್ರ ಸವಕಳಿ."

ಕಾಫಿ ತಂದಿಟ್ಟ ನನ್ನ ಹೆಂಡತಿ, "ನಮ್ಮಪ್ಪ ಕೊಟ್ಟೇ ಕೊಂಡಿದ್ದು. ರಸೀದಿ ಇಸ್ಕೊಳ್ಳಲಿಲ್ಲ ಅಷ್ಟೆ," ಎಂದು ಒಳಗೆ ಹೋದಳು.

ವಾಹನ ವಿಮೆಯವರು ಇನ್ನೂ ನಿಷ್ಠುರರು. ಅಪಘಾತದಲ್ಲಿ ಹೋದ ರಬ್ಬರು, ಪ್ಲಾಸ್ಟಿಕ್ಕಿಗೆ ಸವಕಳಿ ಎಂದು ಸಾಮಾನ್ಯವಾಗಿ ಅರ್ಧ ಬೆಲೆ ಮುರಿದುಕೊಳ್ಳುತ್ತಾರೆ. ಗಾಜಿಗೆ ಮಾತ್ರ ಏನೂ ಮುರಿಯುವುದಿಲ್ಲ. ಗಾಜು ಒಡೆಯುತ್ತದೆಯೇ ಹೊರತು ಸವೆಯುವುದಿಲ್ಲವಲ್ಲ! ಕೆಲವು ನೆಂಟಸ್ತಿಕೆಗಳೂ ಇದೇ ಜಾತಿಯವು.

ಮನೆಮಾತಿನಲ್ಲಿ ಈ ಲೆಕ್ಕ ಬಹಳ ನಾಜೂಕು. ಸೋಪು ಕರಗುತ್ತದೆ, ಚಾಕು ಮೊಂಡಾಗುತ್ತದೆ, ಹಳೇ ಸೀರೆ ಪಿಸಿಯುತ್ತದೆ, ನಾಣ್ಯ ಸವಕಲಾಗುತ್ತದೆ. ಇವೆಲ್ಲ ತಮ್ಮ ಪಾಡಿಗೆ ತಾವು ಆಗುವಂಥವು. ಬಜೆಬೇರನ್ನು ಮಾತ್ರ ಯಾರಾದರೂ ಕೂತು ತೇಯಬೇಕು. ನಮ್ಮಮ್ಮ ಮೊಮ್ಮಗನಿಗೆಂದು ಸಾಣೆಕಲ್ಲಿನ ಮೇಲೆ ನಾಲ್ಕು ಹನಿ ಹಾಲು ಬಿಟ್ಟು ಬಜೆ ತೇಯುತ್ತಿದ್ದಳು. ಸುತ್ತು ಒಂದು ಹೆಚ್ಚಾದರೆ ಖಾರ, ಕಡಿಮೆಯಾದರೆ ದಂಡ. ಬೆರಳ ತುದಿಯಿಂದ ಬಳಿದು ನಾಲಿಗೆಗೆ ಸವರಿದರೆ ಕೂಸಿನ ಮುಖ ಹಿಂಡಿದ ನಿಂಬೆಹಣ್ಣು. ಅದೇ ಅಮ್ಮ ಸಿಟ್ಟು ಬಂದಾಗ, "ನಿಮಗೋಸ್ಕರ ಜೀವ ತೇದೆ," ಎನ್ನುವಳು. ಸಾಣೆಕಲ್ಲು ಯಾರೆಂದು ಕೇಳುವ ಧೈರ್ಯ ಅಪ್ಪನಿಗೂ ಇರಲಿಲ್ಲ.

ಜಂಬದ ಮಾತೆಂದರೆ 'ದಾರಿ ಸವೆಸುವುದು'. ಚಾಮುಂಡಿ ಬೆಟ್ಟದ ಮೆಟ್ಟಿಲುಗಳು 17ನೇ ಶತಮಾನದ ದೊಡ್ಡ ದೇವರಾಜ ಒಡೆಯರ ಕಾಲದವು, ಸಾವಿರಕ್ಕೂ ಮೇಲೆ. ಹರಕೆ ಹೊತ್ತವರು ಒಂದೊಂದಕ್ಕೂ ಅರಿಶಿನ ಕುಂಕುಮ ಹಚ್ಚುತ್ತ ಹತ್ತುತ್ತಾರೆ. ಅಷ್ಟು ಜನ ತುಳಿದ ಕಲ್ಲು ಇನ್ನೂ ಗಟ್ಟಿಯಾಗಿದೆ. ಹತ್ತಿಳಿದು ಬಂದ ನನ್ನ ಚಪ್ಪಲಿ ಮಾತ್ರ ಒಂದೇ ಮಗ್ಗುಲಿಗೆ ಸವೆದು ವಾಲಿತ್ತು. ಹೊಲಿಯುವವನು ಅದನ್ನು ತಿರುಗಿಸಿ ನೋಡಿದ.

"ಸೊಟ್ಟ ಕಾಲು ಹಾಕ್ತೀರಿ ಸಾರ್. ಹಿಮ್ಮಡಿ ಹೊಸದು ಹೊಡೀಬೇಕು, ಎಂಬತ್ತು ರೂಪಾಯಿ."

"ಹಳೇ ಗಿರಾಕಿ ಕಣಯ್ಯಾ, ಸ್ವಲ್ಪ ನೋಡು."

"ಹಳೇ ಗಿರಾಕಿ ಅಂತಲೇ ಎಂಬತ್ತು," ಎಂದು ಉಳಿ ಎತ್ತಿಕೊಂಡ.