ಬಾಯಿ ತೆರೆಯುವ ಮುನ್ನ

ಗಜೇಂದ್ರಗಡದ ಹತ್ತಿರದ ಕಾಲಕಾಲೇಶ್ವರನ ಗುಡಿಯಲ್ಲಿ ಯುಗಾದಿಯ ಹಿಂದಿನ ರಾತ್ರಿ ಸುಣ್ಣ-ಸುರಮ ಕಲಸಿಟ್ಟು ಬರುತ್ತಾರೆ. ಬೆಳಗಾಗುವುದರೊಳಗೆ ಅದು ಗೋಡೆಗೇರಿರುತ್ತದೆಂದು ನಂಬಿಕೆ. ಅದನ್ನು ನೋಡಿ ಮಳೆ-ಬೆಳೆ ಹೇಳುತ್ತಾರೆ. ದೇವರೇ ಇಷ್ಟು ಮುಂದಾಲೋಚನೆ ಮಾಡುವ ಸೀಮೆಯವನು ನಾನು, ರೋಣದಲ್ಲಿ ಗುಮಾಸ್ತನಾದ ಮೇಲೆ ಸುಮ್ಮನಿರುವುದುಂಟೇ?

ಸಾಹೇಬರು ಕಿಸೆ ಮುಟ್ಟಿದರೆ ಪೆನ್ನು, ಹಣೆ ಮುಟ್ಟಿದರೆ ಚಹಾ, ಗಡಿಯಾರ ನೋಡಿದರೆ ಜೀಪು. ‘ನಿನಗ ಹ್ಯಾಂಗ ಗೊತ್ತಾತೋ?’ ಎಂದು ಒಮ್ಮೆ ಕೇಳಿಬಿಟ್ಟರು. ನಾನು ಕೆಟ್ಟಿದ್ದು ಅಲ್ಲೇ.

ನರಗುಂದದಲ್ಲಿ ಸಭೆ. ಮುಂದೆ ಬರದ ಫೈಲು. ಮಾತಾಡುತ್ತಿದ್ದ ಸಾಹೇಬರು ಗಪ್ಪನೆ ನಿಂತರು. ಮುಖ ಮೇಲೆದ್ದಿತು, ಕಣ್ಣು ಅರೆ ಮುಚ್ಚಿತು, ಬಾಯಿ ಅರೆ ತೆರೆಯಿತು. ಪದ ಸಿಗುತ್ತಿಲ್ಲ ಪಾಪ, ಎಂದುಕೊಂಡು ಕಿವಿಯ ಬಳಿ ಬಾಗಿ, ‘ಹಿಂಗಾರಿ ಜೋಳಾನ್ರೀ?’ ಎಂದೆ. ತಲೆ ಅಲ್ಲಾಡಿಸಿದರು. ‘ಕಡ್ಲಿ?’ ಮೂಗು ನಡುಗಿತು. ‘ಕುಸುಬಿ?’ ಕೈ ಬೀಸಿದರು. ಗಾಳಿ ಬೇಕೇನೋ ಎಂದು ಫ್ಯಾನು ಜೋರು ಮಾಡಿದೆ. ಫೈಲಿನ ಹಾಳೆಗಳು ಗಜೇಂದ್ರಗಡದ ಗುಡ್ಡದ ಗಾಳಿಯಂತ್ರಗಳ ಹಾಗೆ ಗಿರಗಿರ ಎಂದವು. ಬಾಯಿ ಇನ್ನೂ ಅಗಲವಾಯಿತು. ನೀರು! ತುಂಬಿದ ಗ್ಲಾಸು ತುಟಿಗೆ ಹಿಡಿದದ್ದೇ ತಡ, ಅಷ್ಟು ಹೊತ್ತು ಮೂಗಿನ ಹೊಸ್ತಿಲಲ್ಲಿ ನಿಂತಿದ್ದ ಸೀನು ಹೊರಬಿತ್ತು. ನೀರೆಲ್ಲ ಫೈಲಿನ ಮೇಲೆ. ಬರದ ಊರುಗಳ ಪಟ್ಟಿಗೆ ಆ ವರ್ಷ ಬಿದ್ದ ಮೊದಲ ಮಳೆ ಅದು. ಸಾಲದ್ದಕ್ಕೆ ಒಂಟಿ ಸೀನು. ಅಪಶಕುನವೆಂದು ಸಭೆಯೇ ಹತ್ತು ನಿಮಿಷ ನಿಂತಿತು.

ಸರ್ಕಾರಕ್ಕೆ ಮುಂದಾಲೋಚನೆ ಇಲ್ಲ ಎನ್ನಬೇಡಿ. ಮಲಪ್ರಭೆಯ ನೀರು ಎಷ್ಟೋ ಹೊಲ ಮುಟ್ಟುವ ಮೊದಲೇ ಬೆಟರ್‌ಮೆಂಟ್ ಲೆವಿ ಎಂಬ ಕರ ಕೇಳಿದ್ದು ಇದೇ ನರಗುಂದ ಸೀಮೆಯಲ್ಲಿ. 1980ರ ಜುಲೈ 21ರ ರೈತ ಬಂಡಾಯದಲ್ಲಿ ಏನಾಯಿತೆಂದು ಇಲ್ಲಿ ಯಾರಿಗೂ ಹೇಳಬೇಕಿಲ್ಲ.

ಸೀನಿನ ಸಭೆಯ ಮರುದಿನ ನಮ್ಮ ಕಚೇರಿಗೆ ಒಬ್ಬ ಮುದುಕ ಬಂದ. ಉತಾರ, ಆಧಾರ್, ಪಾಸ್‌ಬುಕ್ಕು, ಎಲ್ಲದರ ಮೂರು ಮೂರು ಝೆರಾಕ್ಸು. ನಾನು ಕೇಳುವ ಮೊದಲೇ ಮೇಜಿನ ಮೇಲಿಟ್ಟ. ಹೆಗಲಲ್ಲಿ ಎರಡು ರೊಟ್ಟಿಗಂಟು.

‘ಎರಡ ಬುತ್ತಿ ಯಾಕ ಯಜ್ಜಾ?’

‘ಒಂದು ಇವತ್ತಿಂದು, ಒಂದು ನಾಳಿದ್ರೀ. ಇವತ್ತ ಆಗೂದಿಲ್ಲಂತ ಗೊತ್ತಿತ್ತು.’

ಸಾಹೇಬರು ಗದಗಿಗೆ ಹೋಗಿದ್ದರು. ಎರಡನೇ ಬುತ್ತಿಯನ್ನೂ ಅವನು ನಮ್ಮ ಕಟ್ಟೆಯ ಮೇಲೆ ಕೂತೇ ಉಂಡ.