ಮೆಟ್ರೊ-ಮಿಶ್ರ-ಮೀಮಾಂಸೆ

ನಗರಶಾಸ್ತ್ರದಲ್ಲಿ ನಿಲ್ದಾಣವೆಂಬುದು ಒಂದು ಬಿಂದು. ಬಿಂದುವಿನ ಮೇಲೆ ಕೈವಾರದ ಮುಳ್ಳೂರಿ ಒಂದು ಸುತ್ತು ತಿರುಗಿಸಿದರೆ ಪ್ರಭಾವ ವಲಯ ಸಿದ್ಧ. ಕೇಂದ್ರ ಸರ್ಕಾರದ 2017ರ ನೀತಿಯ ಪ್ರಕಾರ ಇದರ ತ್ರಿಜ್ಯ 500ರಿಂದ 800 ಮೀಟರು. ಒಳಗಿರುವ ಜೀವಿಗಳು ನಡೆದುಕೊಂಡೇ ರೈಲಿಗೆ ಬರತಕ್ಕದ್ದು. ಬೆಂಗಳೂರಿನ ಜೀವಿಗಳು ಹೇಗೆ ಬರುತ್ತವೆ ಎಂಬುದನ್ನು ಪ್ರಸ್ತುತ ಪ್ರಬಂಧ ನ್ಯಾಯಶಾಸ್ತ್ರದ ಪ್ರಮಾಣಗಳನ್ನು ಹಿಡಿದು ವಿಚಾರಿಸುತ್ತದೆ.

ಮೊದಲು ಪೂರ್ವಪಕ್ಷ. ಮನೆ, ಅಂಗಡಿ, ಕಚೇರಿಗಳೆಲ್ಲ ನಿಲ್ದಾಣದ ಸುತ್ತ ಒತ್ತೊತ್ತಾಗಿರಲಿ ಎಂಬ ತತ್ತ್ವವನ್ನು ಅಮೆರಿಕದ ಪೀಟರ್ ಕ್ಯಾಲ್ತಾರ್ಪ್ 1993ರಲ್ಲಿ ಪುಸ್ತಕ ಬರೆದು ಪ್ರತಿಪಾದಿಸಿದರು. ಕೆಂಪೇಗೌಡರು 1537ರಲ್ಲೇ ಪೇಟೆ ಕಟ್ಟಿಸಿದರೂ ಪುಸ್ತಕ ಬರೆಯಲಿಲ್ಲವಾದ್ದರಿಂದ ಅದನ್ನು ಯೋಜನೆ ಎಂದು ಪರಿಗಣಿಸಲಾಗದು. ಅಕ್ಕಿಪೇಟೆಯಲ್ಲಿ ಅಕ್ಕಿ, ಅರಳೆಪೇಟೆಯಲ್ಲಿ ಹತ್ತಿ, ಬಳೇಪೇಟೆಯಲ್ಲಿ ಬಳೆ. ಕೆಳಗೆ ಅಂಗಡಿ, ಮೇಲೆ ಸಂಸಾರ. ಕೆಲಸಕ್ಕೆ ಹೋಗುವ ಪ್ರಯಾಣವೆಂದರೆ ಏಣಿ ಇಳಿಯುವುದು. ಮುಂದೆ ಶಾಸ್ತ್ರ ಬೆಳೆಯಿತು. ವಾಸಕ್ಕೆ ಹಳದಿ, ವ್ಯಾಪಾರಕ್ಕೆ ನೀಲಿ, ಕೈಗಾರಿಕೆಗೆ ನೇರಳೆ ಎಂದು ನಕ್ಷೆಗೆ ಬಣ್ಣ ಬಿತ್ತು. ಅಜ್ಜಿಯ ಮಡಿಬಟ್ಟೆಯ ಹಾಗೆ ಒಂದನ್ನು ಇನ್ನೊಂದು ಮುಟ್ಟಬಾರದು.

ಇನ್ನು ಪ್ರತ್ಯಕ್ಷ ಪ್ರಮಾಣ. ಹಳದಿ ಬೀದಿಯ ಒಂದು ಮೂವತ್ತು-ನಲವತ್ತರ ಸೈಟನ್ನು ಪರೀಕ್ಷಿಸೋಣ. ನೆಲಮಟ್ಟದಲ್ಲಿ ಝೆರಾಕ್ಸ್ ಅಂಗಡಿ, ಅದರ ಬೆನ್ನಿಗೆ ಫಾಲ್ಸ್ ಹೊಲಿಯುವ ಟೈಲರು. ಮೊದಲ ಮಹಡಿಯಲ್ಲಿ ಓನರು. ಅದರ ಮೇಲೆ ಎರಡು ಮಹಡಿ ಪಿ.ಜಿ., ತಾರಸಿಯಲ್ಲಿ ಮೊಬೈಲ್ ಟವರು, ಟವರಿನ ಕಾಲಿಗೆ ಕಟ್ಟಿದ ಹಗ್ಗದಲ್ಲಿ ಪಿ.ಜಿ. ಹುಡುಗರ ಬನಿಯನ್ನು. ಗೇಟಿನ ಮೇಲೆ ‘ಇಲ್ಲಿ ವಾಹನ ನಿಲ್ಲಿಸಬೇಡಿ, ಗಾಳಿ ಬಿಡಲಾಗುವುದು’ ಎಂಬ ಶಾಸನ. ಇಷ್ಟು ಶುದ್ಧ ಮಿಶ್ರಬಳಕೆಯನ್ನು ಕ್ಯಾಲ್ತಾರ್ಪರೂ ಕಂಡಿರಲಾರರು. ಆದರೆ ಮಂಜೂರಾದ ನಕ್ಷೆಯಲ್ಲಿ ಝೆರಾಕ್ಸ್ ಇರುವ ಕಡೆ ಕಾರು ನಿಂತಿರುವುದರಿಂದ ಈ ಕಟ್ಟಡ ಕಣ್ಣಿಗೆ ಕಂಡರೂ ಇಲ್ಲ. ದಂಡಶುಲ್ಕವೆಂಬ ಸಂಸ್ಕಾರವಾದ ಮೇಲಷ್ಟೇ ಅದಕ್ಕೆ ದ್ವಿಜತ್ವ.

ಅನುಮಾನ ಪ್ರಮಾಣ: ಎಲ್ಲೆಲ್ಲಿ ನಿಲ್ದಾಣವೋ ಅಲ್ಲಲ್ಲಿ ಎತ್ತರ. 2007ರಲ್ಲಿ ಜಾರಿಯಾದ, 2015 ಎಂಬ ಹೆಸರಿನ ಪರಿಷ್ಕೃತ ಮಹಾಯೋಜನೆಯು ಮೆಟ್ರೊ ಟರ್ಮಿನಲ್ಲಿನ 150 ಮೀಟರಿನೊಳಗೆ ಎಫ್.ಎ.ಆರ್. 4ಕ್ಕೆ ಅವಕಾಶವಿತ್ತಿತು, ಅಂದರೆ ಸೈಟಿನ ನಾಲ್ಕು ಪಟ್ಟು ಕಟ್ಟಬಹುದು. (ಅದರ ಉತ್ತರಾಧಿಕಾರಿಯಾದ 2031ರ ಕರಡು 2017ರಲ್ಲಿ ಬಂತು, ಬಂದ ದಾರಿಗೆ ಸುಂಕವಿಲ್ಲವೆಂದು ಹಿಂದಕ್ಕೆ ಹೋಯಿತು.) ರೈಲು ಪಕ್ಕದಲ್ಲೇ ಇದ್ದರೆ ಕಾರು ಬೇಡವಾಗುತ್ತದೆ ಎಂಬುದು ಹೇತು. ಅದೇ ನಿಯಮಾವಳಿ ಕಟ್ಟಡಕ್ಕೆ ಇಷ್ಟು ಕಾರಿನ ಜಾಗ ಇರಲೇಬೇಕು ಎಂದೂ ವಿಧಿಸುತ್ತದೆ. ಹಾಗಾಗಿ ಸುರಂಗದಲ್ಲಿ ರೈಲು ಹೋಗುವ ಊರಿನಲ್ಲಿ ಅದಕ್ಕೆ ಜೋಡಿಯಾಗಿ ಕಾರುಗಳೂ ಪಾತಾಳಕ್ಕಿಳಿಯುತ್ತವೆ.

ಉಪಮಾನ ಪ್ರಮಾಣವನ್ನು ಕೈಬಿಡಲಾಗಿದೆ. ಸಿಂಗಪುರ ಎಂದೊಡನೆ ನಮ್ಮ ವಿಚಾರ ಸಂಕಿರಣಗಳಲ್ಲಿ ಎಲ್ಲರೂ ತಲೆದೂಗಿ ಊಟಕ್ಕೆ ಏಳುತ್ತಾರೆ.

ಉಳಿದದ್ದು ಶಬ್ದ, ಅಂದರೆ ಆಪ್ತವಾಕ್ಯ. ಈ ವಿಷಯದಲ್ಲಿ ಆಪ್ತನೆಂದರೆ ಆಟೋದವನೇ. ‘ಮೆಟ್ರೊ ಎಲ್ಲಪ್ಪಾ?’ ಎಂದರೆ, ‘ಇಲ್ಲೇ ಸಾರ್, ಎದುರುಗಡೆ ಕಾಣ್ತಿದ್ಯಲ್ಲಾ. ಆದ್ರೆ ನಡ್ಕೊಂಡ್ ಹೋಗಕ್ಕಾಗಲ್ಲ, ಹತ್ಕೊಳ್ಳಿ’ ಎನ್ನುತ್ತಾನೆ. ಆ ಮಾತಿಗೆ ಭಾಷ್ಯ ಹೀಗೆ: ಕಾಣುವುದು ತ್ರಿಜ್ಯ. ನಡುವೆ ಡಿವೈಡರು, ಅದರ ಮೇಲೆ ಎದೆಯೆತ್ತರದ ಕಬ್ಬಿಣದ ಗ್ರಿಲ್ಲು. ಈಚೆಗೆ ಫುಟ್‌ಪಾತಿನ ಚಪ್ಪಡಿ. ಒಂದಂಚಿಗೆ ಕಾಲಿಟ್ಟರೆ ಇನ್ನೊಂದು ಅಂಚು ಏಳುತ್ತದೆ, ಸಂದಿನಿಂದ ಮೋರಿಯ ನೀರು ಪ್ಯಾಂಟಿಗೆ ಹಾರುತ್ತದೆ. ಆಮೇಲೆ ಟ್ರಾನ್ಸ್‌ಫಾರ್ಮರು, ಅದನ್ನು ಬಳಸಲು ರಸ್ತೆಗಿಳಿದರೆ ಎದುರಿನಿಂದ ರಾಂಗ್ ಸೈಡಿನಲ್ಲಿ ಬರುವ ಡೆಲಿವರಿ ಹುಡುಗನಿಗೆ ನಾವೇ ಅಡ್ಡ. ಇಷ್ಟೆಲ್ಲ ದಾಟಿ ಬಂದವನಿಗೆ ನಿಲ್ದಾಣದ ಮೆಟ್ಟಿಲೇ ಫುಟ್‌ಪಾತಿನ ಅಷ್ಟಗಲವನ್ನೂ ನುಂಗಿ ಕೂತಿರುವುದು ಕಾಣುತ್ತದೆ. ಕೈವಾರದ ಒಂದು ಕಾಲು ಊರಿದಲ್ಲಿಂದ ಕದಲುವುದಿಲ್ಲ, ಇನ್ನೊಂದು ಕಾಗದದ ಮೇಲಷ್ಟೇ ಸುತ್ತುತ್ತದೆ; ಆದ್ದರಿಂದ ಕೈವಾರಕ್ಕೆ ಇವು ಗೋಚರಿಸವು.

ಸಿದ್ಧಾಂತ. ನೀತಿಯ ಸಕಲ ಲಕ್ಷಣಗಳೂ ಸೇರಿರುವ ಒಂದೇ ನಿರ್ಮಾಣ ಆ ಮೆಟ್ಟಿಲ ಬುಡದ ಇಡ್ಲಿ ಗಾಡಿ. ನಿಲ್ದಾಣದಿಂದ ದೂರ ನಾಲ್ಕು ಹೆಜ್ಜೆ, ಕಾರ್ ಪಾರ್ಕಿಂಗ್ ಸೊನ್ನೆ, ಗಿರಾಕಿಗಳು ಸಂಪೂರ್ಣವಾಗಿ ಪಾದಚಾರಿಗಳು. ಸ್ಟೀಲ್ ತಟ್ಟೆಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಎರಡು ಇಡ್ಲಿ ಇಟ್ಟು, ಚಟ್ನಿ ಸುರಿಯುವ ಕೈಯಲ್ಲೇ ಚಿಲ್ಲರೆ ಕೊಡುವ ಆಯಮ್ಮನಿಗೆ ಯಾವ ರೈಲಿಗೆ ಎಷ್ಟು ಜನ ಇಳಿಯುತ್ತಾರೆಂಬ ಅಂದಾಜು ಪಕ್ಕಾ. ಒತ್ತುವರಿ ತೆರವಿನ ಲಾರಿ ಬರುವುದು ಹನ್ನೊಂದಕ್ಕೆ. ಗಾಡಿ ಹೊರಡುವುದು ಹತ್ತೂವರೆಗೆ. ವಿವಿಧ ಸಾರಿಗೆಗಳ ವೇಳಾಪಟ್ಟಿ ಹೀಗೆ ಒಂದಕ್ಕೊಂದು ಹೊಂದಿಕೊಂಡು ನಡೆಯುವುದು ಈ ನಗರದಲ್ಲಿ ಸದ್ಯಕ್ಕೆ ಇಲ್ಲಿ ಮಾತ್ರ.