ಬಿಟ್ಟಿ ಹಾಡಿಗೆ ಕೇಳುಗರು ಬೇಕಾಗಿದ್ದಾರೆ

ಮಾಲೀಕನಿಗೆ ಲಾಭದ ಆಸೆಯಿಲ್ಲ, ಕಲಾವಿದನಿಗೆ ಸಂಭಾವನೆಯ ಆಸೆಯಿಲ್ಲ, ಗಿರಾಕಿ ಕಾಸು ಬಿಚ್ಚಬೇಕಾಗಿಲ್ಲ. ಇಂಥ ವ್ಯಾಪಾರ ಲೋಕದಲ್ಲಿ ಎಲ್ಲಾದರೂ ಉಂಟೇ ಎಂದರೆ, ಉಂಟು. ಅದರ ಹೆಸರು ನೆಟ್‌ಲೇಬಲ್. ಅಂತರ್ಜಾಲದಲ್ಲೇ ಹುಟ್ಟಿ, ಅಲ್ಲೇ ಆಲ್ಬಂ ಹೊರತಂದು, ಯಾರು ಬೇಕಾದರೂ ಪುಕ್ಕಟೆ ಡೌನ್‌ಲೋಡ್ ಮಾಡಿಕೊಳ್ಳಿ ಎನ್ನುವ ರೆಕಾರ್ಡ್ ಕಂಪನಿ. ರೆಕಾರ್ಡೂ ಇಲ್ಲ, ಕಂಪನಿಯೂ ಇಲ್ಲ ಎಂಬುದೊಂದು ಬಿಟ್ಟರೆ ಮಿಕ್ಕೆಲ್ಲ ಇದೆ.

ಮಿಕ್ಕೆಲ್ಲ ಅಂದರೆ ನಿಜಕ್ಕೂ ಮಿಕ್ಕೆಲ್ಲ. ಪ್ರತಿ ಆಲ್ಬಂಗೂ ಒಂದು ಕ್ಯಾಟಲಾಗ್ ಸಂಖ್ಯೆ. ಗೋದಾಮೇ ಇಲ್ಲದವನ ದಾಸ್ತಾನು ಪಟ್ಟಿ. ಅಚ್ಚೇ ಆಗದ ತಟ್ಟೆಗೆ ಮುಂದೊಂದು ಹಿಂದೊಂದು ಮುಖಪುಟ. ಬಿಡುಗಡೆಗೆ ಗೊತ್ತುಮಾಡಿದ ದಿನ, ಅದಕ್ಕೊಂದು ಪತ್ರಿಕಾ ಪ್ರಕಟಣೆ, ಆ ಪ್ರಕಟಣೆಯಲ್ಲಿ ಮಂಜು, ಒಂಟಿತನ ಮತ್ತು ಪಾಳುಬಿದ್ದ ಕಾರ್ಖಾನೆ ಕಡ್ಡಾಯ. ಹೊಸಬರು ಹಾಡು ಕಳಿಸಿದರೆ ‘ನಮ್ಮ ಧೋರಣೆಗೆ ಹೊಂದುವುದಿಲ್ಲ’ ಎಂಬ ವಿಷಾದ ಪತ್ರವೂ ಬರುತ್ತದೆ. ದೊಡ್ಡ ಕಂಪನಿ ತಿರಸ್ಕರಿಸಿದರೆ ದುಡ್ಡು ಹೋಯಿತಲ್ಲ ಎಂದು ಅಳಬಹುದು. ಇಲ್ಲಿ ಕೈತಪ್ಪಿದ್ದು ಸೊನ್ನೆ ರೂಪಾಯಿಯ ಒಪ್ಪಂದ. ಕಂಪನಿಗಳ ದರ್ಬಾರಿಗೆ ಸೆಡ್ಡು ಹೊಡೆದು ಆಚೆ ಬಂದ ಕ್ರಾಂತಿಕಾರಿಗಳು ಬೊಕ್ಕಸವೊಂದನ್ನು ಅಲ್ಲೇ ಬಿಟ್ಟು ದರ್ಬಾರನ್ನು ಇಡಿಯಾಗಿ ಹೊತ್ತು ತಂದಿದ್ದರು.

ಈ ವಂಶದ ಮೂಲಪುರುಷರು ಇಷ್ಟು ಬಿಗುಮಾನದವರಲ್ಲ. 1987ರಲ್ಲಿ ಜರ್ಮನಿಯ ಕಾರ್ಸ್ಟನ್ ಒಬಾರ್ಸ್ಕಿ ಎಂಬಾತ ಅಮಿಗಾ ಕಂಪ್ಯೂಟರಿಗಾಗಿ ‘ಅಲ್ಟಿಮೇಟ್ ಸೌಂಡ್‌ಟ್ರ್ಯಾಕರ್’ ಬರೆದ. ಒಟ್ಟಿಗೆ ನಾಲ್ಕೇ ನಾಲ್ಕು ದನಿ ನುಡಿಸಬಲ್ಲ ತಂತ್ರಾಂಶ. ಅದರಲ್ಲಿ ತಯಾರಾದ ‘ಮಾಡ್’ ಫೈಲುಗಳು ಯುರೋಪಿನ ಪಡ್ಡೆ ಹುಡುಗರ ಕೈಯಲ್ಲಿ ಫ್ಲಾಪಿ ಹತ್ತಿ ಅಂಚೆಯಲ್ಲಿ ಓಡಾಡಿದವು, ಆಮೇಲೆ ಮೋಡೆಮ್ ಹಿಡಿದವು. ಆ ಫೈಲು ತೆರೆದರೆ ಹಾಡಷ್ಟೇ ಅಲ್ಲ, ಹಾಡು ಕಟ್ಟಿದ ಬಗೆಯೂ ಕಾಣುತ್ತಿತ್ತು: ಯಾವ ಸ್ವರ, ಯಾವ ಸದ್ದು, ಎಲ್ಲಿಂದೆಲ್ಲಿಗೆ. ವಾದ್ಯದ ಹೆಸರು ಬರೆಯಬೇಕಾದ ಜಾಗದಲ್ಲಿ ಹುಡುಗರು ಗೆಳೆಯರಿಗೆ ನಮಸ್ಕಾರ, ವೈರಿಗಳಿಗೆ ಬೈಗುಳ ತುಂಬಿಸಿಡುತ್ತಿದ್ದರು. 1996ರಲ್ಲಿ ಶುರುವಾದ ಮೊನೊಟೋನಿಕ್‌ನಂಥ ಲೇಬಲ್ಲುಗಳು ಮೊದಲು ಹಂಚಿದ್ದು ಇವನ್ನೇ. ಆಮೇಲೆ ಎಂಪಿ3 ಬಂತು. ಊಟವೇನೋ ಬಡಿಸಿದರು, ಅಡುಗೆಮನೆಗೆ ಅಗುಳಿ ಬಿತ್ತು.

ಅಡುಗೆಮನೆ ಮುಚ್ಚಿದ ಮೇಲೆ ಬಾಗಿಲಿಗೊಂದು ಫಲಕ ಬೇಕಲ್ಲ. 2002ರ ಡಿಸೆಂಬರಿನಲ್ಲಿ ಕ್ರಿಯೇಟಿವ್ ಕಾಮನ್ಸ್ ಸಂಸ್ಥೆ ತನ್ನ ಪರವಾನಗಿಗಳನ್ನು ಹೊರಡಿಸಿತು. ಪುಕ್ಕಟೆ ಕೊಡುವುದಕ್ಕೂ ವಕೀಲರು ಬರೆದ ಕಾಗದ ಬಂತು, ಅದೂ ಈಗ ಆರು ಬಗೆಯಲ್ಲಿ. ಹೆಸರು ಹೇಳಿ ಹಂಚು. ಹಂಚು, ಬದಲಿಸಬೇಡ. ಬದಲಿಸು, ಆದರೆ ನೀನೂ ಇದೇ ಕರಾರಿನಲ್ಲಿ ಕೊಡು. ನೆಟ್‌ಲೇಬಲ್ಲುಗಳು ಮರುಳಾಗಿದ್ದು ‘ವ್ಯಾಪಾರಕ್ಕಲ್ಲ’ ಎಂಬ ಷರತ್ತಿಗೆ. ವ್ಯಾಪಾರ ಅಂದರೇನು? ಕಾಫಿ ಹೋಟೆಲಿನಲ್ಲಿ ಹಾಕಿದರೆ ವ್ಯಾಪಾರವೇ? ಪಕ್ಕದಲ್ಲೊಂದು ಜಾಹೀರಾತು ಮಿನುಗಿದರೆ? ಷರತ್ತು ಬರೆದ ಸಂಸ್ಥೆಯೇ, ಈ ಮಾತನ್ನು ಜನ ಹೇಗೆ ಅರ್ಥಮಾಡಿಕೊಂಡಿದ್ದಾರೆ ಎಂದು ಅಧ್ಯಯನ ಮಾಡಿಸಿ 2009ರಲ್ಲಿ ವರದಿ ಪ್ರಕಟಿಸಿತು. ಕಾನೂನು ಮೊದಲು, ಅರ್ಥ ಏಳು ವರ್ಷದ ನಂತರ. ನಮ್ಮ ಸರ್ಕಾರಿ ಸುತ್ತೋಲೆಗಳಿಗೆ ಹೋಲಿಸಿದರೆ ಇದು ಶೀಘ್ರ ಸೇವೆ.

ಇನ್ನು ಜರ್ಮನಿಗೆ ಬನ್ನಿ. ನೆಟ್‌ಲೇಬಲ್ಲುಗಳು ಅಣಬೆಯಂತೆ ಎದ್ದ ನೆಲ. ಗೇಮಾ ಎಂಬ ರಾಯಧನ ವಸೂಲಿ ಸಂಘದ ನೆಲವೂ ಹೌದು. ಅಲ್ಲಿನ ನ್ಯಾಯಾಲಯಗಳು ಆ ಸಂಘಕ್ಕೆ ದಯಪಾಲಿಸಿರುವ ಒಂದು ಊಹೆಯಿದೆ. ಸಾರ್ವಜನಿಕವಾಗಿ ಹಾಡು ಕೇಳಿಸಿದರೆ ಅದು ಸಂಘದ ಖಾತೆಯದೇ ಎಂದು ತಿಳಿಯತಕ್ಕದ್ದು. ಅಲ್ಲವೆನ್ನುವವನು ರುಜುವಾತು ಒದಗಿಸತಕ್ಕದ್ದು. ಧರ್ಮಾರ್ಥ ಹಾಡು ಹಾಕಿ ಕುಣಿಸೋಣವೆಂದು ಹೊರಟ ಕ್ಲಬ್ಬಿನವನು ಯಾವ ಹಾಡು, ರಚಿಸಿದ್ದು ಯಾರು ಎಂಬ ಪಟ್ಟಿ ಹಿಡಿದುಕೊಂಡು ತಾನು ಸಾಲಗಾರನಲ್ಲ ಎಂದು ಸಾಧಿಸಬೇಕು. ರಚಿಸಿದವನೋ, ಹೆಸರಿನ ಬದಲು ಎರಡು ಅಂಕಿ ಮತ್ತು ಒಂದು ಅಡ್ಡಗೆರೆ ಇಟ್ಟುಕೊಂಡಿರುವ ಪ್ರಯೋಗಶೀಲ. ದುಡ್ಡಿನ ಹಾಡು ಹಾಕಿ ಬಿಲ್ಲು ಕಟ್ಟಿಬಿಡುವುದೇ ಅಗ್ಗ! ನಗಬೇಡಿ. ಮದುವೆಮನೆಯ ಹಾಡಿಗೆ ಪರವಾನಗಿ ಬೇಡ ಎಂದು ನಮ್ಮ ಹಕ್ಕುಸ್ವಾಮ್ಯ ಕಾಯ್ದೆಯಲ್ಲೇ ಬರೆದಿದ್ದರೂ ಕೇಂದ್ರ ಸರ್ಕಾರ ಅದನ್ನು 2023ರಲ್ಲಿ ಮತ್ತೊಮ್ಮೆ ಸಾರಿ ಹೇಳಬೇಕಾಯಿತು.

ಹಾಗಾದರೆ ಪುಕ್ಕಟೆ ಹಾಡಿನಿಂದ ಯಾರೂ ಉದ್ಧಾರವಾಗಲಿಲ್ಲವೇ? ಆದರು. 2008ರಲ್ಲಿ ಅಮೆರಿಕದ ನೈನ್ ಇಂಚ್ ನೇಲ್ಸ್ ತಂಡ ‘ಘೋಸ್ಟ್ಸ್’ ಎಂಬ 36 ತುಣುಕುಗಳ ಸಂಗೀತವನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಟ್ಟಿತು. ಯಾರು ಯಾರಿಗೆ ಬೇಕಾದರೂ ಹಂಚಬಹುದಿತ್ತು. ಹಾಗಿದ್ದೂ ಆ ವರ್ಷ ಅಮೆಜಾನಿನಲ್ಲಿ ಅತಿ ಹೆಚ್ಚು ಮಾರಾಟವಾದ ಎಂಪಿ3 ಆಲ್ಬಂ ಅದೇ. 300 ಡಾಲರಿನ ವಿಶೇಷ ಪೆಟ್ಟಿಗೆಗಳು 2,500 ಇದ್ದವು, ಅಷ್ಟೂ ಖರ್ಚಾದವು. ನೆಟ್‌ಲೇಬಲ್ ಪಾಳೆಯದಲ್ಲಿ ಹಬ್ಬವೋ ಹಬ್ಬ: ನೋಡಿ, ನಮ್ಮ ದಾರಿಯೇ ಸರಿ! ಆ ತಂಡ ಅದಕ್ಕೆ ಮುಂಚೆ ವರ್ಷಗಟ್ಟಲೆ ದೊಡ್ಡ ಕಂಪನಿಯ ದುಡ್ಡಿನಲ್ಲಿ ಹೆಸರು ಮಾಡಿತ್ತು ಎಂಬ ಅಪಶಕುನವನ್ನು ಹಬ್ಬದ ದಿನ ಯಾರೂ ನುಡಿಯಲಿಲ್ಲ.

ಆ ಕತೆಗೊಂದು ಬಾಲವಿದೆ, ನನಗೆ ತಲೆಗಿಂತ ಬಾಲವೇ ಇಷ್ಟ. ಅದೇ ಆಲ್ಬಮ್ಮಿನ 34ನೇ ತುಣುಕು ಹತ್ತು ವರ್ಷ ತನ್ನ ಪಾಡಿಗೆ ಬಿದ್ದಿತ್ತು. ಒಂದು ದಿನ ನೆದರ್ಲೆಂಡ್ಸಿನ ಯಂಗ್‌ಕಿಯೊ ಎಂಬ ಹುಡುಗನ ಕಿವಿಗೆ ಬಿತ್ತು. ‘ವ್ಯಾಪಾರಕ್ಕಲ್ಲ’ ಎಂಬ ಷರತ್ತನ್ನು ಆತ ಓದಿದನೋ ಇಲ್ಲವೋ, ಅದರ ತಂತಿನಾದ ಕತ್ತರಿಸಿ ಒಂದು ತಾಳ ಜೋಡಿಸಿ ಮಾರಾಟಕ್ಕಿಟ್ಟ. ಅಮೆರಿಕದ ಲಿಲ್ ನಾಸ್ ಎಕ್ಸ್ 30 ಡಾಲರ್ ಕೊಟ್ಟು ಕೊಂಡು ಮೇಲೆ ಹಾಡು ಹೇಳಿದ. ಅದೇ ‘ಓಲ್ಡ್ ಟೌನ್ ರೋಡ್’. 2019ರಲ್ಲಿ 19 ವಾರ ಬಿಲ್‌ಬೋರ್ಡ್ ಪಟ್ಟಿಯ ನೆತ್ತಿಯಿಂದ ಇಳಿಯಲಿಲ್ಲ. ಆಮೇಲೆ ಮಾತುಕತೆ ನಡೆದು ಮೂಲದವರ ಹೆಸರೂ ಸೇರಿತು, ಪಾಲೂ ಸಂದಿತು. ಷರತ್ತಿಗೆ ತಲೆಬಾಗಿ ಗೌರವದಿಂದ ಕೇಳಿದವರೆಲ್ಲ ಆ ಹಾಡನ್ನು ಇದ್ದಲ್ಲೇ ಇಟ್ಟಿದ್ದರು. ಮುರಿದವನೊಬ್ಬ ಅದನ್ನು ಮನೆಮನೆಗೆ ಮುಟ್ಟಿಸಿದ.

ಇತ್ತ ನೆಟ್‌ಲೇಬಲ್ಲುಗಳ ಸರಕೆಲ್ಲ ಈಗ ಎಲ್ಲಿದೆ? ಬಹುಪಾಲು ಇಂಟರ್ನೆಟ್ ಆರ್ಕೈವ್‌ನ ಉಗ್ರಾಣದಲ್ಲಿ. ಲೇಬಲ್ಲು ಮುಚ್ಚಿದೆ, ಯಜಮಾನ ಮದುವೆಯಾಗಿ ಬ್ಯಾಂಕ್ ಸೇರಿದ್ದಾನೆ, ಆಲ್ಬಂ ಮಾತ್ರ ಸಂಖ್ಯೆ ಸಮೇತ ಅಲ್ಲಿ ಕೂತಿದೆ. ಅದೇ ಉಗ್ರಾಣದ ಇನ್ನೊಂದು ಕೋಣೆಯಲ್ಲಿ 78 ಆರ್‌ಪಿಎಂನ ಹಳೆಯ ತಟ್ಟೆಗಳನ್ನೂ ಸಂಗ್ರಹಿಸಿ ಕೇಳಲು ಬಿಟ್ಟಿದ್ದರು. ದೊಡ್ಡ ಕಂಪನಿಗಳು 2023ರಲ್ಲಿ ಅವುಗಳ ಪೈಕಿ 2,749 ಹಾಡುಗಳ ಪಟ್ಟಿ ಮಾಡಿ ಮೊಕದ್ದಮೆ ಹೂಡಿದವು. ಅದು ರಾಜಿಯಲ್ಲಿ ಮುಗಿಯಿತು. ಗಮನಿಸಬೇಕಾದ್ದು ಇಷ್ಟು: ಹಂಚಬೇಡಿ ಎಂದು ಆ ಪಟ್ಟಿ ಸೇರಿದ ಗಾಯಕ ಸಿನಾತ್ರಾನ ತಟ್ಟೆಗೆ ಜಗತ್ತಿನ ಪತ್ರಿಕೆಗಳ ತುಂಬ ಸುದ್ದಿ, ದಯವಿಟ್ಟು ಹಂಚಿ ಎಂದು ಕೈಮುಗಿದ ಕೋಣೆಯ ಕಡೆ ಕಳ್ಳನೂ ಹಾಯಲಿಲ್ಲ. ನೆಟ್‌ಲೇಬಲ್ ಯಜಮಾನರು ಆಗಲೇ ‘ಕದ್ದರೆ ಜೋಕೆ’ ಎಂದು ಬೋರ್ಡು ಹಾಕಿಸಿದ್ದರೆ ನಾಲ್ಕು ಜನ ಬೇಲಿಯನ್ನಾದರೂ ಹಾರುತ್ತಿದ್ದರು.

ಇಷ್ಟಾಗಿಯೂ ನೆಟ್‌ಲೇಬಲ್ ಸೋತಿತು ಎಂದರೆ ನಾನು ಒಪ್ಪುವುದಿಲ್ಲ. ಅದರ ವ್ಯವಹಾರ ಸೂತ್ರವನ್ನು ಸ್ಪಾಟಿಫೈ ಯಥಾವತ್ತು ಎತ್ತಿಕೊಂಡಿದೆ. ಹಿಂದಿನ ಹನ್ನೆರಡು ತಿಂಗಳಲ್ಲಿ ಒಂದು ಹಾಡು 1,000 ಸಲ ಕೇಳಿಸಿಕೊಳ್ಳದಿದ್ದರೆ ಅದಕ್ಕೆ ರಾಯಧನವಿಲ್ಲ ಎಂಬ ನಿಯಮ 2024ರಿಂದ ಜಾರಿಯಲ್ಲಿದೆ. ಅಂದರೆ ಕಲಾವಿದನಿಗೆ ಸೊನ್ನೆ. ನೆಟ್‌ಲೇಬಲ್ ಕೊಡುತ್ತಿದ್ದುದೂ ಇಷ್ಟೇ, ಒಂದು ಪೈಸೆ ಹೆಚ್ಚಿಲ್ಲ ಕಡಿಮೆಯಿಲ್ಲ. ವ್ಯತ್ಯಾಸ ಸಣ್ಣದು. ನೆಟ್‌ಲೇಬಲ್ ಹುಡುಗ ತಾನಾಗಿ ಕೊಡುತ್ತಿದ್ದ, ಕೇಳುಗ ಫೈಲನ್ನು ಮನೆಗೊಯ್ದು ಇಟ್ಟುಕೊಳ್ಳುತ್ತಿದ್ದ. ಈಗಿನವನು ತನ್ನ ಹಾಡನ್ನು ಅಲ್ಲಿಗೆ ತಲುಪಿಸುವ ವಿತರಕನಿಗೆ ವರ್ಷಾ ವರ್ಷಾ ಚಂದಾ ಕಟ್ಟಿ ಕೊಡುತ್ತಾನೆ. ಕೇಳುಗನೂ ಚಂದಾ ಕಟ್ಟಿ ಕೇಳುತ್ತಾನೆ. ಕಟ್ಟದಿದ್ದರೆ ಹಾಡಿನ ನಡುವೆ ಜಾಹೀರಾತು. ‘ವ್ಯಾಪಾರಕ್ಕಲ್ಲ’ ಎಂಬ ಷರತ್ತು ಕೊನೆಗೂ ಚಾಲ್ತಿಗೆ ಬಂದಿದೆ, ಹಾಡು ಕಟ್ಟಿದವನ ಪಾಲಿಗೆ ಮಾತ್ರ.

ಸಾವಿರಕ್ಕೆ ಹತ್ತಿಪ್ಪತ್ತು ಕಡಿಮೆಬಿದ್ದವರು ಅಡ್ಡದಾರಿ ಹುಡುಕದಿರಲಿ ಎಂದು ಕಂಪನಿ ಅದಕ್ಕೂ ಏರ್ಪಾಡು ಮಾಡಿದೆ. ಆಲಿಕೆ ಕೃತಕ ಎಂದು ಕಂಡುಬಂದ ಹಾಡುಗಳಿಗೆ ಲೇಬಲ್ಲು ಮತ್ತು ವಿತರಕರ ಮೇಲೆ ಹಾಡಿಗಿಷ್ಟು ಎಂದು ದಂಡ. ಆದ್ದರಿಂದ ಮಗನ ಹಾಡನ್ನು ರಾತ್ರಿಯಿಡೀ ಮೊಬೈಲಿನಲ್ಲಿ ಹಚ್ಚಿಟ್ಟು ಮಲಗುವ ತಾಯಂದಿರು ದಯವಿಟ್ಟು ಮಧ್ಯೆ ಮಧ್ಯೆ ಎದ್ದು ಬೇರೆಯವರ ಹಾಡನ್ನೂ ಹಾಕತಕ್ಕದ್ದು.